ನೀರಗಂಟಿಯ ಮಗಳು

"ಗುರುಗಳೇ, ಹಳೆಯ ಶಾಲೆಗಳ ಗೋಡೆ, ಸೂರು ಗಟ್ಟಿಯಾಗಿವೆಯೇ ಎಂದು ಹೋಗಿ ನೋಡುವುದು ನನ್ನ ಕೆಲಸ. ಆದರೆ ಬೆಳಿಗ್ಗೆ ಕಚೇರಿಯಲ್ಲಿ ಕೂತರೆ ಇಮೇಲ್‌ಗಳಿಗೆ ಉತ್ತರ ಬರೆಯುವುದರಲ್ಲೇ ಸಂಜೆಯಾಗುತ್ತದೆ. ಒಬ್ಬರನ್ನೂ ಕಾಯಿಸುವುದಿಲ್ಲ. ಆದರೂ ದಿನ ದಂಡವಾಯಿತು ಅನ್ನಿಸುತ್ತದೆ. ಏಕೆ?" ಎಂದು ಶಿಷ್ಯ ಕೇಳಿದ.

"ಒಬ್ಬರನ್ನೂ ಕಾಯಿಸುವುದಿಲ್ಲವೋ? ಭಲೇ. ಹಾಗಿದ್ದರೆ ನಿನ್ನಂಥವನೇ ಒಬ್ಬನ ಕತೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ನೀರಗಂಟಿ ಇದ್ದ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ನೀರನ್ನು ತಡೆದು ನಿಲ್ಲಿಸುವ ಏರಿಯನ್ನು ಕಾಯುವುದು ಅವನ ಕೆಲಸ. ಮೊದಮೊದಲು ಬೆಳಗಾಗುತ್ತಲೇ ಏರಿಯ ಉದ್ದಕ್ಕೂ ನಡೆದು ನೋಡಿ, ಆಮೇಲೆ ಜನರ ಮಾತಿಗೆ ಕಿವಿಗೊಡುತ್ತಿದ್ದ. ಬರಬರುತ್ತಾ ಜನ ಬೆಳಗಾಗುವ ಮೊದಲೇ ಅವನ ಬಾಗಿಲಿಗೆ ಬರತೊಡಗಿದರು. ಒಬ್ಬನಿಗೆ ನೀರು ಸಾಲದು, ಇನ್ನೊಬ್ಬನ ಕಾಲುವೆಯಲ್ಲಿ ಕಸ ಕಟ್ಟಿದೆ, ಮತ್ತೊಬ್ಬನಿಗೆ ತನ್ನ ಸರದಿ ನಾಳೆಯೋ ನಾಡಿದ್ದೋ ತಿಳಿಯಬೇಕು. ಕರೆದವರ ಹಿಂದೆಲ್ಲ ಅವನು ಓಡಿದ. ಊರು ಹೊಗಳಿತು. ಹೊಗಳಿಕೆ ಯಾರಿಗೆ ಬೇಡ? ಏರಿಯ ಕಡೆಗೆ ಹೋಗುವುದು ನಿಂತಿತು.

ಕೆರೆ ತುಂಬಿದ ವರ್ಷ, ಒಂದು ಬೆಳಿಗ್ಗೆ, ಅವನ ಮಗಳು ಬಂದು ಹೇಳಿದಳು. "ಅಪ್ಪ, ಏರಿ ಬುಡದಾಗೆ ನೀರು ಜಿನುಗ್ತೈತೆ. ಒಂದ್ಸಲ ಬಂದು ನೋಡಪ್ಪ."

"ಇವ್ರನ್ನೆಲ್ಲ ಕಳ್ಸಿ ಬತ್ತೀನಿ, ನೀ ನಡಿಯವ್ವ" ಎಂದ.

ಬಾಗಿಲಲ್ಲಿ ನಿಂತವರು ಸಿಟ್ಟಿನಲ್ಲಿದ್ದರು. ಮಗಳು ಸಿಟ್ಟು ಮಾಡುವವಳಲ್ಲ. ಸ್ವಲ್ಪ ಹೊತ್ತು ಕಾದಳು, ಮತ್ತೆ ಕೇಳಲಿಲ್ಲ. ಬುಟ್ಟಿಯಲ್ಲಿ ಜೇಡಿಮಣ್ಣು ತುಂಬಿಕೊಂಡು ತಾನೇ ಹೋದಳು. ಕೊನೆಯವನನ್ನು ಕಳಿಸಿ ನೀರಗಂಟಿ ಹೊರಡುವ ಹೊತ್ತಿಗೆ ಏರಿ ಒಡೆದಿತ್ತು. ಮಗಳ ಹೆಣ ಕೆಳಗಿನ ಗದ್ದೆಯಲ್ಲಿ ಸಿಕ್ಕಿತು.

ಊರಿನವರು ಅವನನ್ನು ಬೈಯಲಿಲ್ಲ. ಅವರ ಪೈರೂ ಕೊಚ್ಚಿಹೋಗಿತ್ತು, ಆದರೂ ಬೈಯಲಿಲ್ಲ. ಕರೆದಾಗಲೆಲ್ಲ ಬಂದ ಮನುಷ್ಯ, ಪಾಪ, ಎಂದು ಸಮಾಧಾನ ಹೇಳಿದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನು ಎದ್ದು ಹೋಗುತ್ತಿದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಈ ಕತೆ ಹೇಳುವಾಗಲೆಲ್ಲ ನನಗೂ ಸಂಕಟವಾಗುತ್ತದೆ.

ಗುರುಗಳು ಕತೆ ಮುಗಿಸಿದರು. ಶಿಷ್ಯ ಮೆಲ್ಲಗೆ ಕೇಳಿದ. "ಹಾಗಾದರೆ ಇಮೇಲ್‌ಗಳಿಗೆ ಉತ್ತರ ಬರೆಯಲೇಬಾರದೇ?"

"ಬರೆಯಪ್ಪ, ಬೇಡವೆಂದವರಾರು? ಆದರೆ ಆ ಶಾಲೆಗಳಲ್ಲಿ ಕೂತಿರುವ ಮಕ್ಕಳು ನಿನಗೆ ಇಮೇಲ್ ಬರೆಯುವುದಿಲ್ಲ" ಎಂದರು ಗುರುಗಳು.