ಕಪ್ಪೆಗೆ ಸಿಕ್ಕ ಗುರು

ಕೆರೆಯಂಚಿನ ಕಪ್ಪೆಗೆ ಒಂದು ಗಳಿಗೆಯೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂಟಿಕಾಲಲ್ಲಿ ಕಲ್ಲಿನಂತೆ ನಿಂತ ಕೊಕ್ಕರೆಯನ್ನು ಕಂಡು, ತುಸು ದೂರದಿಂದಲೇ ಕೈಮುಗಿಯಿತು. “ಸ್ವಾಮಿ, ನನಗೂ ಧ್ಯಾನ ಕಲಿಸಿ.”

“ಕಣ್ಣು ಮುಚ್ಚು. ಅಲುಗಾಡಬೇಡ,” ಎಂದಿತು ಕೊಕ್ಕರೆ.

ಕಪ್ಪೆ ಹಾಗೇ ಮಾಡಿತು. “ಮೈ ಕೂತಿದೆ ಸ್ವಾಮಿ, ಮನಸ್ಸು ಮಾತ್ರ ಕುಪ್ಪಳಿಸುತ್ತಿದೆ.”

“ಕುಪ್ಪಳಿಸುವವರಿಗೆ ಧ್ಯಾನ ಎಲ್ಲಿಂದ ಬರಬೇಕು? ಅಗೋ, ಜಾಲಿಮರದ ಆ ಗೀಜಗನನ್ನು ನೋಡು. ಅವನು ಕಟ್ಟಿದ ಎರಡು ಗೂಡನ್ನೂ ಹೆಣ್ಣು ಬಂದು ನೋಡಿ ಒಲ್ಲೆ ಎಂದಾಯಿತು. ಈಗ ಮೂರನೆಯದಕ್ಕೆ ಹೆಣಗುತ್ತಿದ್ದಾನೆ. ಅವನ ಜೀವಕ್ಕೆ ನೆಮ್ಮದಿಯುಂಟೆ?” ಕೊಕ್ಕರೆ ಕತ್ತೆತ್ತಿ ಕೂಗಿತು, “ಎಲೈ ಗೀಜಗ, ಸಾಕು ಮಾಡು!”

ಗೀಜಗ ತಲೆಕೆಳಗಾಗಿ ಜೋತು ಹುಲ್ಲಿನ ಎಳೆ ಹೆಣೆಯುತ್ತಿತ್ತು. ಕೊಕ್ಕರೆ ಮೂರು ಸಲ ಕೂಗಿತು. ಎಳೆಯನ್ನು ತೂರಿಸಿ ಗಂಟು ಬಿಗಿದ ಮೇಲಷ್ಟೇ ಗೀಜಗ ತಿರುಗಿ, “ಕರೆದಿರಾ? ಕ್ಷಮಿಸಿ, ಕೇಳಿಸಲೇ ಇಲ್ಲ,” ಎಂದಿತು.

ನೀರಲ್ಲಿ ಮರಿಮೀನೊಂದು ಮಿಸುಕಿತ್ತು, ಕೊಕ್ಕರೆಯ ಕೊಕ್ಕು ಆಗಲೇ ಅಲ್ಲಿಗೆ ಹೋಗಿತ್ತು.

ಕಪ್ಪೆ ಇಬ್ಬರನ್ನೂ ನೋಡಿತು. “ಗುರು ಸಿಕ್ಕರು ಸ್ವಾಮಿ,” ಎಂದು ಜಾಲಿಮರದ ಕಡೆಗೆ ನಮಸ್ಕರಿಸಿ ನೆಗೆಯಿತು. ಪ್ರತಿ ನೆಗೆತಕ್ಕೂ ಮುಂದಿನ ಕಲ್ಲೊಂದನ್ನೇ ನೋಡುತ್ತಾ ಇಡೀ ಕೆರೆಯನ್ನು ಸುತ್ತಿತು. ಸಂಜೆ ದಣಿದು ಮೊದಲಿನ ಕಲ್ಲಿಗೇ ಬಂದು ಕೂತಾಗ, ಮನಸ್ಸೂ ಪಕ್ಕದಲ್ಲೇ ಬಂದು ಕೂತಿತು.