ಹೊಂಗೆ ಮರದಡಿಯ ಮೊದಲ ಪಾಠ

ಹೊಸ ಕೋಚಿಂಗ್ ಕಟ್ಟಡಕ್ಕೆ ಶಾಲೆಯಂಗಳದ ಹೊಂಗೆ ಮರ ಅಡ್ಡವಾಗಿತ್ತು. ಮಕ್ಕಳು ಊಟಕ್ಕೆ ಕೂರುತ್ತಿದ್ದುದು ಅದರ ನೆರಳಲ್ಲೇ.

"ಕಡಿಸಬೇಡಿ ಸಾರ್," ಎಂದಳು ಆಯಾ ಹೊನ್ನಮ್ಮ.

ಶಾಲಾ ಮಂಡಳಿಯ ಅಧ್ಯಕ್ಷ ಚನ್ನವೀರಪ್ಪನವರು ಗದರಿದರು. "ನಾಳೆ ಕಡಿಯೋದೇ. ಈಗ ಪೋಷಕರು ಬರ್ತಾರೆ, ಇಲ್ಲಿ ಎಲ್ಲರಿಗಿಂತ ಹಳಬಳು ನೀನೇ, ಶಾಲೆಯ ಇತಿಹಾಸ ಹೇಳು. ನಮ್ಮ ತಾತನೇ ಶುರುಮಾಡಿದ್ದು ಅನ್ನು."

ಆ ತಾತ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ. ಹೊನ್ನಮ್ಮ "ಆಗಲಿ ಸಾರ್" ಎಂದಳು.

ಪೋಷಕರು ಬಂದರು. "ಇವರ ತಾತ ಮೊದಲ ಪಾಠ ಹೇಳಿದ್ದು ಈ ಮರದ ಕೆಳಗೇ," ಎಂದಳು. ಅಧ್ಯಕ್ಷರು ಹಿಗ್ಗಿ ತಲೆಯಾಡಿಸಿದರು. ಪೋಷಕರು ಚಪ್ಪಲಿ ಬಿಟ್ಟು ಮರಕ್ಕೆ ಕೈಮುಗಿದರು.

ಮರುದಿನ ಕೊಡಲಿಯವರನ್ನು ಅಧ್ಯಕ್ಷರೇ ವಾಪಸು ಕಳಿಸಬೇಕಾಯಿತು. "ಇನ್ನು ಕಟ್ಟಡ ಎಲ್ಲಿ ಕಟ್ಟಲಿ?" ಎಂದು ಗೊಣಗಿದರು.

"ನಿಮ್ಮ ಕಾರು ನಿಲ್ಲಿಸೋ ಜಾಗದಲ್ಲಿ ಕಟ್ಟಿ ಸಾರ್," ಎಂದಳು ಹೊನ್ನಮ್ಮ. "ಅಲ್ಲಿ ನಿಮ್ಮ ತಾತ ಏನೂ ಮಾಡಿಲ್ಲ."