ಗಟ್ಟಿ ಪಾನಕ

ನದಿಯ ದಂಡೆಯ ಆಶ್ರಮದಲ್ಲಿ ನಂಜಯ್ಯ ಎಂಬ ವೈದ್ಯರಿದ್ದರು. ಅವರ ಶಿಷ್ಯ ಬಸಲಿಂಗ ಮೂರು ವರ್ಷದಿಂದ ಮದ್ದು ಅರೆಯುತ್ತಿದ್ದ. ರೋಗಿಯ ಕೈ ಹಿಡಿದು ನೋಡುವ ಸರದಿ ಅವನಿಗೆ ಇನ್ನೂ ಬಂದಿರಲಿಲ್ಲ.

ಒಂದು ಬೆಳಿಗ್ಗೆ ಗುರುಗಳು ಬೇರು ತರಲು ಹೋಗಿದ್ದರು. ಹರಿಗೋಲು ನಡೆಸುವ ಹನುಮಪ್ಪ ಹೆಂಡತಿ ತಿಪ್ಪವ್ವನನ್ನು ಹೊತ್ತುಕೊಂಡು ಬಂದ.

“ವಾಂತಿ, ಭೇದಿ ನಿಲ್ಲವಲ್ದು. ಕಣ್ಣು ಒಳಗ ಹೋಗ್ಯಾವ. ಅಜ್ಜಾರು ಎಲ್ಲಿ?”

“ನಾನಿದ್ದೇನಲ್ಲ” ಎಂದ ಬಸಲಿಂಗ.

ಮೊದಲು ಬರೀ ನೀರು ಕುಡಿಸಿದ. ಕುಡಿದಷ್ಟೂ ಹೊರಟುಹೋಯಿತು. ಬಲ ಬರಲೆಂದು ಎರಡು ಅಚ್ಚು ಬೆಲ್ಲ ಕರಗಿಸಿ, ಬೆರಳಿಗೆ ಅಂಟುವಷ್ಟು ಗಟ್ಟಿ ಪಾನಕ ಮಾಡಿ ಲೋಟಗಟ್ಟಲೆ ಕುಡಿಸಿದ.

ಭೇದಿ ಇಮ್ಮಡಿಯಾಯಿತು. ತಿಪ್ಪವ್ವನ ಕೈಕಾಲು ತಣ್ಣಗಾದವು.

ಗುರುಗಳು ಬಂದಾಗ ಬಸಲಿಂಗ ಅಳುತ್ತಿದ್ದ.

“ಏನು ಕೊಟ್ಟೆ?”

ಬಸಲಿಂಗ ಪಾತ್ರೆ ತೋರಿಸಿದ. ಗುರುಗಳು ಬೆರಳದ್ದಿ ನೋಡಿದರು. ಬೈಯಲಿಲ್ಲ.

“ಕಾಯಿಸಿ ಆರಿಸಿದ ನೀರು ಒಂದು ಚೆಂಬು ತಾ. ಒಂದು ಹಿಡಿ ಬೆಲ್ಲ ಹಾಕು. ಮೂರು ಬೆರಳಲ್ಲಿ ಚಿಟಿಕೆ ಉಪ್ಪು.”

“ಉಪ್ಪು ಹೆಚ್ಚಾದರೆ?”

“ನಿನ್ನ ಕಣ್ಣೀರು ನೆಕ್ಕಿ ನೋಡು. ಅದಕ್ಕಿಂತ ಉಪ್ಪಾಗಬಾರದು.”

ಬಸಲಿಂಗ ನೆಕ್ಕಿದ. ಆಮೇಲೆ ಚೆಂಬಿನ ನೀರಿನ ರುಚಿ ನೋಡಿದ. ಸರಿಯಿತ್ತು. ಲೋಟ ತುಂಬಿಸಲು ಹೋದ.

“ಚಮಚ” ಎಂದರು ಗುರುಗಳು.

“ಜೀವ ಹೋಗ್ತಿದೆ ಅಜ್ಜಯ್ಯ, ಚಮಚದಲ್ಲಿ ಎಷ್ಟು ಹೊತ್ತು?”

“ಅವಳ ಹೊಟ್ಟೆ ತಡೆಯುವಷ್ಟು ಹೊತ್ತು. ಇರು, ಮೊದಲು ಒಂದು ಸೌತೆಕಾಯಿ ಹೆಚ್ಚಿ ನಿನ್ನ ಪಾನಕದಲ್ಲಿ ಹಾಕಿಡು.”

“ಈ ಹೊತ್ತಿನಲ್ಲಿ ಕೋಸಂಬರಿ ಮಾಡ್ತೀರೇನ್ರೀ?” ಎಂದು ಹನುಮಪ್ಪ ಸಿಡುಕಿದ. ಅಷ್ಟರಲ್ಲಿ ಗುರುಗಳು ತಿಪ್ಪವ್ವನ ತುಟಿಗೆ ಮೊದಲ ಚಮಚ ಹಿಡಿದಿದ್ದರು.

ಸೌತೆಕಾಯಿ ಹೆಚ್ಚಿಟ್ಟು ಬಂದ ಬಸಲಿಂಗ ಚಮಚ ತೆಗೆದುಕೊಂಡ. ಒಂದು ಚಮಚ. ತುಸು ಬಿಡುವು. ಮತ್ತೊಂದು ಚಮಚ. ತಿಪ್ಪವ್ವ ಒಮ್ಮೆ ಕಕ್ಕಿದಳು. ಸ್ವಲ್ಪ ತಡೆದು ಮತ್ತೆ ಕೊಟ್ಟ.

ಚೆಂಬು ಅರ್ಧವಾದಾಗ ಗುರುಗಳು ಪಾನಕದ ಪಾತ್ರೆ ತಂದಿಟ್ಟರು. ಹೋಳುಗಳು ಬಾಡಿ ಬಳುಕುತ್ತಿದ್ದವು. ಪಾನಕ ನೀರಾಗಿತ್ತು.

“ಈ ನೀರು ಯಾರದು?”

“ಸೌತೆಕಾಯಿಯದು.”

“ನಿನ್ನ ಪಾನಕ ಅದಕ್ಕೆ ಕೊಟ್ಟಿತೋ, ಅದರಿಂದ ಕಿತ್ತುಕೊಂಡಿತೋ?”

ಬಸಲಿಂಗ ತಿಪ್ಪವ್ವನ ಗುಳಿಬಿದ್ದ ಕಣ್ಣು ನೋಡಿದ.

“ಹಾಗಾದರೆ ಬರೀ ನೀರು ಯಾಕೆ ನಿಲ್ಲಲಿಲ್ಲ?”

“ಕರುಳಿಗೆ ಒಳಗೋಡೆಯಿದೆ. ಬೆಲ್ಲ, ಉಪ್ಪು ಎರಡೂ ಜೊತೆಯಾಗಿ ಬಂದರೆ ಅದು ಒಳಗೆ ಬಿಟ್ಟುಕೊಳ್ಳುತ್ತದೆ. ನೀರು ಅವುಗಳ ಬೆನ್ನು ಹಿಡಿದು ಹೋಗುತ್ತದೆ. ಭೇದಿಯಲ್ಲಿ ಒಂಟಿ ನೀರು ಆ ಗೋಡೆ ದಾಟದೆ ಹರಿದುಹೋಗುತ್ತದೆ.”

“ಎರಡು ಅಚ್ಚು ಬೆಲ್ಲ ಹಾಕಿದ್ದು ಒಳ್ಳೆಯ ಮನಸ್ಸಿನಿಂದಲೇ, ಅಜ್ಜಯ್ಯ.”

“ಗೊತ್ತು. ಚಮಚ ನಿಲ್ಲಿಸಬೇಡ.”

ಚೆಂಬು ಮುಗಿಯಿತು. ಎರಡನೆಯದು, ಮೂರನೆಯದು ಕಲಸಿದರು. ಮಧ್ಯಾಹ್ನದ ಹೊತ್ತಿಗೆ ಭೇದಿ ಕಡಿಮೆಯಾಯಿತು. ಇಳಿಹೊತ್ತಿಗೆ ತಿಪ್ಪವ್ವ ಗಂಡನ ಹೆಗಲು ಹಿಡಿದು ಹಿತ್ತಲಿಗೆ ಹೋದಳು.

ಅಲ್ಲಿಂದ ಹನುಮಪ್ಪ ಕೂಗಿದ: “ಅಜ್ಜಾರ! ಉಚ್ಚಿ ಹೊಯ್ದಳ್ರೀ!”

“ಊರಿಗೆಲ್ಲ ಸಾರು, ಮಾನಗೆಟ್ಟವನೇ” ಎಂದು ತಿಪ್ಪವ್ವ ಬೈದಳು. ಬೆಳಿಗ್ಗೆಯಿಂದ ಅವಳಾಡಿದ ಮೊದಲ ಮಾತು ಅದು.

ಕುಡಿಸಿದ ನೀರು ಒಳಗೆ ನಿಂತಿತೆಂದು ಬಸಲಿಂಗನಿಗೆ ಕುಣಿಯುವಷ್ಟು ಖುಷಿಯಾಯಿತು. ಅವಳು ಬಂದು ಕೂತ ಕೂಡಲೇ ಚಮಚ ಹಿಡಿದ. ಅವಳು ಅವನ ಕೈ ತಳ್ಳಿದಳು.

“ಈ ಸಿಹಿ ಸಾಕಪ್ಪಾ. ಹಸಿವು ಆಗ್ಯದ. ಗಂಜಿ ಇದ್ರ ಕೊಡ್ರಿ.”

“ಇನ್ನೂ ಅರ್ಧ ಚೆಂಬಿದೆ, ಅವ್ವಾ. ಇದೊಂದು ಮುಗಿಸಿಬಿಡು, ಬಲ ಬರುತ್ತೆ.”

ಗುರುಗಳು ಅವನ ಕೈಯಿಂದ ಚಮಚ ತೆಗೆದುಕೊಂಡರು.

“ಬೆಳಿಗ್ಗೆ ಅವಳ ಕರುಳೂ ಬೇಡ ಅಂದಿತ್ತು, ಬಸಲಿಂಗ. ಈಗ ಬಾಯಿಬಿಟ್ಟೇ ಹೇಳ್ತಿದ್ದಾಳೆ. ಈಗಲಾದರೂ ಕೇಳಿಸಿಕೊ.”